ಹಳೆ ಪೆಟ್ಟಿಗೆಗೆ ಹೊಸ ಕಾರ್ಡು

ಡೆಸ್ಕ್‌ಟಾಪ್ ಕಂಪ್ಯೂಟರಿನ ಭಾಗಗಳಲ್ಲಿ ಗ್ರಾಫಿಕ್ಸ್ ಕಾರ್ಡಿನಷ್ಟು ಬೇಗ ಹಳತಾಗುವುದು ಇನ್ನೊಂದಿಲ್ಲ. ಕ್ಯಾಬಿನೆಟ್ಟಿಗೆ ಹದಿನೈದು ವರ್ಷವಾದರೂ ಏನೂ ಆಗುವುದಿಲ್ಲ. ಪ್ರೊಸೆಸರ್ ಎಂಟು-ಹತ್ತು ವರ್ಷ ತಕರಾರಿಲ್ಲದೆ ದುಡಿಯುತ್ತದೆ. ಕಾರ್ಡು ಮಾತ್ರ ನಾಲ್ಕೈದು ವರ್ಷಕ್ಕೇ ಏದುಸಿರು ಬಿಡಲು ಶುರುಮಾಡುತ್ತದೆ. ಹೊಸದಾಗಿ ಬಂದ ಗೇಮು ತಡೆತಡೆದು ಓಡುತ್ತದೆ, ವಿಡಿಯೊ ಎಡಿಟಿಂಗ್ ಮಾಡುವಾಗ ಪ್ರಿವ್ಯೂ ನಿಂತು ನಿಂತು ಸಾಗುತ್ತದೆ, ಫ್ಯಾನಿನ ಸದ್ದು ಪಕ್ಕದ ಕೋಣೆಗೂ ಕೇಳುತ್ತದೆ. ಆಗ ಮನೆಯಲ್ಲಿ ಮೊದಲು ಬರುವ ಮಾತು ಕಾರ್ಡ್ ಬದಲಾಯಿಸೋಣ ಎಂಬುದು. ಕೆಲವೊಮ್ಮೆ ಆ ಮಾತು ಸರಿ. ಎಷ್ಟೋ ಸಲ ಇಪ್ಪತ್ತು ಸಾವಿರ ಕೊಟ್ಟು ಹೊಸ ಕಾರ್ಡು ತಂದು ಕೂರಿಸಿದ ಮೇಲೂ ಗೇಮು ಮೊದಲಿನ ಹಾಗೆಯೇ ತಡವರಿಸುತ್ತದೆ, ಏಕೆಂದರೆ ತಪ್ಪು ಕಾರ್ಡಿನದಾಗಿರಲಿಲ್ಲ. ಕಷ್ಟಪಟ್ಟು ಕೂಡಿಟ್ಟ ದುಡ್ಡು ಹೀಗೆ ಹೋಗುವುದನ್ನು ತಪ್ಪಿಸಬಹುದು. ಅದಕ್ಕೆ ಬೇಕಾದ್ದು ಅರ್ಧ ದಿನದ ಪರೀಕ್ಷೆ ಮತ್ತು ಪೆಟ್ಟಿಗೆಯ ಪಕ್ಕದ ಬಾಗಿಲು ಬಿಚ್ಚಿ ನೋಡುವ ತಾಳ್ಮೆ.

ಕಾರ್ಡು ಹಳತಾಯಿತು ಎಂಬ ಒಂದೇ ಮಾತಿನೊಳಗೆ ಬೇರೆ ಬೇರೆ ಸಂಗತಿಗಳಿವೆ. ಒಂದು, ವೇಗ ಸಾಲದೆ ಬರುವುದು. ಎರಡು, ವೇಗವಿದ್ದರೂ ಹೊಸ ಗೇಮು ಕೇಳುವ ಸೌಲಭ್ಯ ಚಿಪ್ಪಿನಲ್ಲೇ ಇಲ್ಲದಿರುವುದು. 2024ರ ಡಿಸೆಂಬರಿನಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್’ ಗೇಮು ರೇ ಟ್ರೇಸಿಂಗ್, ಅಂದರೆ ಬೆಳಕಿನ ಕಿರಣಗಳ ಹಾದಿಯ ಲೆಕ್ಕ, ಬಲ್ಲ ಕಾರ್ಡನ್ನೇ ಕೇಳುತ್ತದೆ. 2017ರಲ್ಲಿ ರಾಜನಂತೆ ಮೆರೆದ, 11 ಜಿಬಿ ಮೆಮೊರಿಯ ಜಿಟಿಎಕ್ಸ್ 1080 ಟಿಐ ಕಾರ್ಡಿಗೆ ಬಲವಿದ್ದರೂ ಅಲ್ಲಿ ಪ್ರವೇಶವಿಲ್ಲ. ಮೂರು, ತಯಾರಕರು ಡ್ರೈವರ್ ಕೊಡುವುದನ್ನು ನಿಲ್ಲಿಸುವುದು. ಎನ್‌ವಿಡಿಯಾ ಕಂಪನಿ ತನ್ನ 900 ಮತ್ತು 1000 ಸರಣಿಯ ಕಾರ್ಡುಗಳಿಗೆ ಹೊಸ ಗೇಮುಗಳ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರಿಗೆ ಮುಗಿಸಿತು. ಭದ್ರತೆಯ ಅಪ್‌ಡೇಟುಗಳಷ್ಟೇ 2028ರ ಅಕ್ಟೋಬರಿನವರೆಗೆ ಬರುತ್ತವೆ. ನಮ್ಮಲ್ಲಿ ಸಾವಿರಾರು ಮನೆಗಳಲ್ಲಿ ಇಂದಿಗೂ ದುಡಿಯುತ್ತಿರುವ 1050 ಟಿಐ ಈ ಪಟ್ಟಿಯಲ್ಲೇ ಇದೆ. ಅಂದಮಾತ್ರಕ್ಕೆ ಅದು ನಾಳೆ ಬೆಳಿಗ್ಗೆ ನಿಲ್ಲುವುದಿಲ್ಲ. ಹಳೆ ಗೇಮುಗಳು ಎಂದಿನಂತೆ ಓಡುತ್ತವೆ, ಹೊಸ ಗೇಮಿನಲ್ಲಿ ತೊಂದರೆ ಕಂಡರೆ ಸರಿಪಡಿಸುವವರು ಇರುವುದಿಲ್ಲ, ಅಷ್ಟೆ.

ಹಳತಾದಂತೆ ಕಂಡರೂ ನಿಜಕ್ಕೆ ಹಳತಾಗಿರದ ಕಾರ್ಡೂ ಇದೆ. ಅದಕ್ಕೆ ಧೂಳು ತುಂಬಿರುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಕಿಟಕಿ ತೆರೆದಿಟ್ಟ ಕೋಣೆಯಲ್ಲಿ ಎರಡು ವರ್ಷ ಕಳೆದ ಕಾರ್ಡಿನ ಹೀಟ್‌ಸಿಂಕ್ ನೋಡಿದರೆ ಅಲ್ಯೂಮಿನಿಯಂ ಎಲೆಗಳ ನಡುವೆ ಬೂದು ಬಣ್ಣದ ಹಾಸು ಕಂಬಳಿಯಂತೆ ಕೂತಿರುತ್ತದೆ. ಗಾಳಿಯಾಡದೆ ಚಿಪ್ಪು ಕಾಯುತ್ತದೆ. 1050 ಟಿಐ ಕಾಲದ ಎನ್‌ವಿಡಿಯಾ ಕಾರ್ಡುಗಳು ಸುಮಾರು 83 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಕುಂಚದಿಂದ ಧೂಳು ತೆಗೆದು, ಚಿಪ್ಪಿನ ಮೇಲೆ ಒಣಗಿ ಪುಡಿಯಾದ ಥರ್ಮಲ್ ಪೇಸ್ಟ್ ಬದಲಿಸಿದರೆ ಕೆಲವು ನೂರು ರೂಪಾಯಿಯಲ್ಲಿ ಆ ವೇಗ ವಾಪಸು ಬರುತ್ತದೆ. ಹೊಸ ಕಾರ್ಡಿನ ಯೋಚನೆ ಇದಾದ ಮೇಲಿನದು.

ಮುಂದಿನ ಪ್ರಶ್ನೆ, ಯಂತ್ರವನ್ನು ಹಿಡಿದು ನಿಲ್ಲಿಸುತ್ತಿರುವುದು ಯಾರು ಎಂಬುದು. ಗೇಮಿನ ಪ್ರತಿಯೊಂದು ಫ್ರೇಮು ಎರಡು ಕೈ ದಾಟಿ ಪರದೆಗೆ ಬರುತ್ತದೆ. ಮೊದಲು ಪ್ರೊಸೆಸರ್: ಶತ್ರು ಎಲ್ಲಿ ನಿಂತಿದ್ದಾನೆ, ಗುಂಡು ಯಾವ ಕಡೆ ಹೋಯಿತು, ಗೋಡೆಯ ಹಿಂದೆ ಏನಿದೆ ಎಂದೆಲ್ಲ ಲೆಕ್ಕ ಹಾಕಿ, ಇಂತಿಂಥದ್ದನ್ನು ಬರೆ ಎಂದು ಕಾರ್ಡಿಗೆ ಪಟ್ಟಿ ಕೊಡುತ್ತದೆ. ಆಮೇಲೆ ಕಾರ್ಡು: ಆ ಪಟ್ಟಿಯನ್ನು ಹಿಡಿದು ಚಿತ್ರ ಬಿಡಿಸಿ ಬಣ್ಣ ತುಂಬುತ್ತದೆ. ಸೆಕೆಂಡಿಗೆ 60 ಫ್ರೇಮು ಬೇಕೆಂದರೆ ಒಂದೊಂದಕ್ಕೂ ಸಿಗುವ ಸಮಯ 16.7 ಮಿಲಿಸೆಕೆಂಡು. ಇಬ್ಬರೂ ಒಂದೇ ಹೊತ್ತಿನಲ್ಲಿ ಬೇರೆ ಬೇರೆ ಫ್ರೇಮಿನ ಮೇಲೆ ದುಡಿಯುವುದರಿಂದ, ಇಬ್ಬರಲ್ಲಿ ನಿಧಾನವಾದವರ ವೇಗವೇ ಒಟ್ಟು ವೇಗ. ಪ್ರೊಸೆಸರಿಗೆ ಪಟ್ಟಿ ಮಾಡಲು 25 ಮಿಲಿಸೆಕೆಂಡು ಬೇಕು, ಕಾರ್ಡಿಗೆ ಬಿಡಿಸಲು 10 ಸಾಕು ಎಂದಿಟ್ಟುಕೊಂಡರೆ ಸೆಕೆಂಡಿಗೆ ಬರುವುದು 40 ಫ್ರೇಮು. ಎರಡು ಪಟ್ಟು ವೇಗದ ಕಾರ್ಡು ತಂದು 10ನ್ನು 5ಕ್ಕೆ ಇಳಿಸಿದರೂ ಬರುವುದು ಅದೇ 40. ಮದುವೆ ಮನೆಯಲ್ಲಿ ಬಡಿಸುವವರು ಎಷ್ಟೇ ಚುರುಕಾಗಿದ್ದರೂ ಒಲೆಯ ಮೇಲಿನ ಅನ್ನ ಬೇಯದೆ ಪಂಕ್ತಿ ಏಳುವುದಿಲ್ಲ.

ಯಾರು ನಿಧಾನ ಎಂದು ತಿಳಿಯಲು ಯಾವ ತಜ್ಞರೂ ಬೇಡ. ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್ ಕೀಲಿಯ ಜೊತೆ ಜಿ ಒತ್ತಿದರೆ ತೆರೆಯುವ ಗೇಮ್ ಬಾರ್ ಫ್ರೇಮಿನ ಸಂಖ್ಯೆಯನ್ನೂ, ಪ್ರೊಸೆಸರ್ ಮತ್ತು ಕಾರ್ಡು ಎಷ್ಟೆಷ್ಟು ಕೆಲಸದಲ್ಲಿವೆ ಎಂಬುದನ್ನೂ ತೋರಿಸುತ್ತದೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ ಇನ್ನಷ್ಟು ವಿವರ ಕೊಡುತ್ತದೆ. ಕಾರ್ಡಿನ ಬಳಕೆ ಸದಾ ಶೇ. 95ರ ಮೇಲಿದ್ದರೆ ಕಾರ್ಡೇ ದಣಿದಿದೆ ಎಂದರ್ಥ. ಅದು ಶೇ. 50-60ರಲ್ಲಿದ್ದು ಗೇಮು ತಡವರಿಸುತ್ತಿದ್ದರೆ ಕಾರ್ಡು ಸುಮ್ಮನೆ ಕಾಯುತ್ತಿದೆ, ಪಟ್ಟಿ ಬರುತ್ತಿಲ್ಲ. ಇಲ್ಲಿ ಒಂದು ಎಚ್ಚರ ಬೇಕು. ಫ್ರೇಮನ್ನು ಮಾನಿಟರಿನ ವೇಗಕ್ಕೆ ಹೊಂದಿಸುವ ವಿ-ಸಿಂಕ್ ಹಾಕಿದ್ದರೆ ಅಥವಾ ಫ್ರೇಮಿಗೆ ಮಿತಿ ಕಟ್ಟಿದ್ದರೆ ಕಾರ್ಡಿನ ಬಳಕೆ ಸಹಜವಾಗಿಯೇ ಕಡಿಮೆ ಕಾಣುತ್ತದೆ. ಪರೀಕ್ಷೆಯ ಹೊತ್ತಿಗೆ ಅವೆರಡನ್ನೂ ತೆಗೆದಿಡಬೇಕು. ಒಟ್ಟು ಪ್ರೊಸೆಸರ್ ಬಳಕೆ ಶೇ. 60 ತೋರಿಸಿದರೂ ನಂಬುವಂತಿಲ್ಲ. ನಾಲ್ಕು ಕೋರ್‌ಗಳಲ್ಲಿ ಒಂದು ಪೂರ್ತಿ ತುಂಬಿ ಉಳಿದವು ಅರ್ಧ ಖಾಲಿ ಇದ್ದಾಗಲೂ ಅದೇ ಅಂಕಿ ಬರುತ್ತದೆ.

ಇದಕ್ಕಿಂತ ಸರಳವೂ ನಂಬಲರ್ಹವೂ ಆದ ಪರೀಕ್ಷೆ ರೆಸಲ್ಯೂಶನ್ ಇಳಿಸಿ ನೋಡುವುದು. 1920×1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿರುತ್ತವೆ, 1280×720ರಲ್ಲಿ 9.2 ಲಕ್ಷ. ಇಳಿಸಿದಾಗ ಕಾರ್ಡಿನ ಕೆಲಸ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಪ್ರೊಸೆಸರಿನ ಕೆಲಸ ಹೆಚ್ಚೂಕಡಿಮೆ ಅಷ್ಟೇ ಇರುತ್ತದೆ. ಒಂದೇ ಗೇಮಿನ ಒಂದೇ ಜಾಗದಲ್ಲಿ ನಿಂತು ಎರಡೂ ರೆಸಲ್ಯೂಶನ್ನಿನ ಫ್ರೇಮು ಬರೆದುಕೊಳ್ಳಬೇಕು. 38 ಇದ್ದದ್ದು 65ಕ್ಕೆ ಏರಿದರೆ ಕಾರ್ಡು ಬದಲಿಸುವುದಕ್ಕೆ ಫಲವಿದೆ. 38 ಇದ್ದದ್ದು 41ಕ್ಕೆ ನಿಂತರೆ ಎಷ್ಟು ದುಬಾರಿ ಕಾರ್ಡು ತಂದರೂ 41ರ ಆಸುಪಾಸಿನಲ್ಲೇ ಉಳಿಯುತ್ತದೆ. ಕೊಳ್ಳುವ ಮುಂಚೆಯೇ, ಒಂದು ಪೈಸೆ ಖರ್ಚಿಲ್ಲದೆ, ಹೊಸ ಕಾರ್ಡಿನ ಮೇಲ್ಮಿತಿ ಗೊತ್ತಾಗಿಬಿಡುತ್ತದೆ. ಅಂಗಡಿಗೆ ಹೊರಡುವವರಿಗೆ ಇಷ್ಟು ಉಪಯೋಗದ ಅಂಕಿ ಇನ್ನಾವುದೂ ಇಲ್ಲ.

ಒಂದು ಯಂತ್ರವನ್ನೇ ಎದುರಿಗಿಟ್ಟುಕೊಂಡು ನೋಡಬಹುದು. 2014ರಲ್ಲಿ ಕೊಂಡ ಡೆಸ್ಕ್‌ಟಾಪು; ಇಂಟೆಲ್ ಕೋರ್ ಐ5-4590 ಪ್ರೊಸೆಸರ್, ಎಚ್81 ಚಿಪ್‌ಸೆಟ್ಟಿನ ಮದರ್‌ಬೋರ್ಡ್, 8 ಜಿಬಿ ಡಿಡಿಆರ್3 ರ‍್ಯಾಮ್, ನಡುವೆ ಎಂದೋ ಸೇರಿಸಿದ 1050 ಟಿಐ ಕಾರ್ಡು. ಈ ಪ್ರೊಸೆಸರಿನಲ್ಲಿ ನಾಲ್ಕು ಕೋರ್‌ಗಳಿವೆ, ಥ್ರೆಡ್‌ಗಳೂ ನಾಲ್ಕೇ. ‘ಜಿಟಿಎ 5’ ಪಿಸಿಗೆ ಬಂದ 2015ರಲ್ಲಿ ಇದು ಧಾರಾಳವಾಗಿ ಸಾಕಿತ್ತು. ಇಂದಿನ ದೊಡ್ಡ ಗೇಮುಗಳು ಆರು ಅಥವಾ ಎಂಟು ಕೋರ್‌ಗಳಿಗೆ ಕೆಲಸ ಹಂಚುವಂತೆ ಬರೆದವು. ನಾಲ್ಕು ಥ್ರೆಡ್‌ಗಳ ಮೇಲೆ ಅವು ಓಡಿದರೂ ಸರಾಸರಿ ಫ್ರೇಮು ಚೆನ್ನಾಗಿ ಕಂಡು, ಪ್ರತಿ ಹತ್ತು-ಹದಿನೈದು ಸೆಕೆಂಡಿಗೊಮ್ಮೆ ಚಿತ್ರ ಗಕ್ಕನೆ ನಿಂತು ಮುಂದುವರಿಯುತ್ತದೆ. ಆಡುವವರಿಗೆ ಹಿಂಸೆಯಾಗುವುದು ಆ ನಿಲುಗಡೆಯಿಂದ. ಈ ಯಂತ್ರಕ್ಕೆ ಹೊಸ, ಬೆಲೆಬಾಳುವ ಕಾರ್ಡು ಹಾಕುವುದು ತಪ್ಪು ಎಂದೇ ಹೇಳಬೇಕಾಗುತ್ತದೆ. ‘ವ್ಯಾಲರಂಟ್’, ‘ಕೌಂಟರ್-ಸ್ಟ್ರೈಕ್ 2’ ಥರದ ಗೇಮುಗಳನ್ನೇ ಆಡುವವರಿಗಂತೂ ಇನ್ನೂ ತಪ್ಪು, ಅವು ಪ್ರೊಸೆಸರಿನ ಮೇಲೆಯೇ ಹೆಚ್ಚು ಭಾರ ಹಾಕುತ್ತವೆ. ಇದೇ ಸಾಕೆಟ್ಟಿಗೆ ಕೂರುವ ಐ7-4790ಕ್ಕೆ ಎಂಟು ಥ್ರೆಡ್‌ಗಳಿವೆ, ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತದೆ. ನಿಲುಗಡೆ ಕಡಿಮೆ ಮಾಡಲು ಅದು ಹೊಸ ಕಾರ್ಡಿಗಿಂತ ಅಗ್ಗದ ದಾರಿ.

ರ‍್ಯಾಮಿನ ವಿಷಯದಲ್ಲಿ ನೋಡಬೇಕಾದ್ದು ಎರಡು. 8 ಜಿಬಿ ಇದ್ದರೆ ಇಂದಿನ ಗೇಮಿಗೆ ಸಾಲದು, 16 ಬೇಕು. ಮತ್ತು ಒಂದೇ ದೊಡ್ಡ ಸ್ಟಿಕ್ಕಿನ ಬದಲು ಸಮಾನವಾದ ಎರಡು ಇರಬೇಕು. ಆಗ ಪ್ರೊಸೆಸರಿಗೆ ಎರಡು ದಾರಿಯಿಂದ ಮಾಹಿತಿ ಹರಿಯುತ್ತದೆ. ಹಾರ್ಡ್ ಡಿಸ್ಕಿನಲ್ಲೇ ಗೇಮು ಇಟ್ಟುಕೊಂಡವರು ಎಸ್‌ಎಸ್‌ಡಿಗೆ ಬರಬೇಕು. ಗೇಮು ತೆರೆಯಲು ತಗಲುವ ಮೂರು ನಿಮಿಷ ಮತ್ತು ಓಡುತ್ತಿರುವಾಗ ಗೋಡೆಗಳ ಬಣ್ಣ ತಡವಾಗಿ ಮೂಡುವುದು ಎರಡಕ್ಕೂ ಕಾರ್ಡನ್ನು ದೂರುವವರಿದ್ದಾರೆ.

ಕಾರ್ಡೇ ದಣಿದಿದೆ ಎಂದು ಖಚಿತವಾದ ಮೇಲೆ ಪೆಟ್ಟಿಗೆ ಬಿಚ್ಚಿ ಮೊದಲು ನೋಡಬೇಕಾದ್ದು ಎಸ್‌ಎಂಪಿಎಸ್, ಅಂದರೆ ಕರೆಂಟು ಹಂಚುವ ಪೆಟ್ಟಿಗೆ. ಈ ಇಡೀ ವ್ಯವಹಾರದಲ್ಲಿ ಅತ್ಯಂತ ಅಪಾಯಕಾರಿ ಅಲಕ್ಷ್ಯ ನಡೆಯುವುದು ಇಲ್ಲೇ. ಅದರ ಬದಿಗೆ ಅಂಟಿಸಿದ ಚೀಟಿಯ ಮೇಲೆ 450 ವ್ಯಾಟ್ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಓದಬೇಕಾದ್ದು ಅದನ್ನಲ್ಲ, ಕೆಳಗಿನ ಸಣ್ಣ ಕೋಷ್ಟಕವನ್ನು. ಕಾರ್ಡು ಮತ್ತು ಪ್ರೊಸೆಸರ್ ಎರಡೂ ಹೆಚ್ಚಾಗಿ ಕುಡಿಯುವುದು 12 ವೋಲ್ಟಿನ ಸಾಲಿನಿಂದ. ಆ ಸಾಲಿನ ಎದುರು 16 ಆಂಪಿಯರ್ ಎಂದಿದ್ದರೆ 12ನ್ನು 16ರಿಂದ ಗುಣಿಸಿ ಬರುವ 192 ವ್ಯಾಟ್ ಮಾತ್ರ ನಿಜವಾದ ಬಲ. ಅಸೆಂಬಲ್ ಮಾಡಿದ ಅಗ್ಗದ ಯಂತ್ರಗಳಲ್ಲಿ ಕ್ಯಾಬಿನೆಟ್ಟಿನ ಜೊತೆಗೇ ಬರುವ ಎಸ್‌ಎಂಪಿಎಸ್‌ಗಳಲ್ಲಿ ಇಂಥ ಲೆಕ್ಕ ಅಪರೂಪವಲ್ಲ. ಐ5-4590ಕ್ಕೆ 84 ವ್ಯಾಟ್ ಬಿಟ್ಟುಕೊಟ್ಟರೆ ಉಳಿಯುವುದು ನೂರರ ಆಸುಪಾಸು, ಅದರಲ್ಲೇ ಫ್ಯಾನು, ಡಿಸ್ಕುಗಳೂ ನಡೆಯಬೇಕು. ಅಲ್ಲಿಗೆ 170 ವ್ಯಾಟಿನ ಆರ್‌ಟಿಎಕ್ಸ್ 3060 ತಂದು ಸಿಕ್ಕಿಸಿದರೆ ಗೇಮು ಶುರುವಾದ ಕ್ಷಣ ಯಂತ್ರ ಆರಿಹೋಗುತ್ತದೆ. ಆರಿಹೋದರೆ ಅದೃಷ್ಟ, ಅಗ್ಗದ ಎಸ್‌ಎಂಪಿಎಸ್ ಸಾಯುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದೊಯ್ಯುವುದುಂಟು.

ಕಾರ್ಡಿಗೆ ಕರೆಂಟು ಸಿಗುವ ದಾರಿಗಳಿಗೂ ಗೊತ್ತಾದ ಅಳತೆ ಇದೆ. ಮದರ್‌ಬೋರ್ಡಿನ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಆರು ಪಿನ್ನಿನ ವೈರು ಇನ್ನೊಂದು 75, ಎಂಟು ಪಿನ್ನಿನದು 150 ಕೊಡುತ್ತದೆ. 1050 ಟಿಐ ಇಷ್ಟು ಜನಪ್ರಿಯವಾಗಲು ಅದರ ಬಹುತೇಕ ಮಾದರಿಗಳು ಸ್ಲಾಟಿನ 75 ವ್ಯಾಟಿನಲ್ಲೇ ನಡೆಯುತ್ತಿದ್ದುದೇ ಕಾರಣ. ಬೇರೆ ವೈರು ಬೇಡವಾಗಿತ್ತು. ಅದೇ ಗುಣದ ಈಚಿನ ಕಾರ್ಡು 2024ರ ಫೆಬ್ರುವರಿಯಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050, ಅದರ ಬಳಕೆ 70 ವ್ಯಾಟ್. ಇದೇ ಹೆಸರಿನ 8 ಜಿಬಿ ಕಾರ್ಡು 130 ವ್ಯಾಟ್ ಕುಡಿಯುತ್ತದೆ, ವೇಗವೂ ಹೆಚ್ಚು. ಹೆಸರು ಒಂದೇ ಎಂದು ಎರಡನ್ನೂ ಒಂದೇ ಎಂದುಕೊಳ್ಳಬಾರದು. ಎಸ್‌ಎಂಪಿಎಸ್‌ನಲ್ಲಿ ಎಂಟು ಪಿನ್ನಿನ ವೈರು ಇಲ್ಲದಿದ್ದಾಗ ಹಾರ್ಡ್ ಡಿಸ್ಕಿನ ವೈರುಗಳನ್ನು ಜೋಡಿಸಿ ಮಾಡಿಕೊಡುವ ಕನ್ವರ್ಟರ್ ಮಾರುತ್ತಾರೆ. ಅದನ್ನು ಕೊಳ್ಳಬೇಡಿ ಎಂದು ಯಾರಾದರೂ ಗಟ್ಟಿಯಾಗಿ ಹೇಳಲೇಬೇಕು. ಸಣ್ಣ ವೈರಿನಲ್ಲಿ ದೊಡ್ಡ ಕರೆಂಟು ಹರಿದು ಪ್ಲಾಸ್ಟಿಕ್ ಕರಗಿದ ಕನೆಕ್ಟರುಗಳನ್ನು ರಿಪೇರಿಯವರು ನೋಡುತ್ತಲೇ ಇರುತ್ತಾರೆ. ಒಳ್ಳೆಯ ಎಸ್‌ಎಂಪಿಎಸ್ ಕೊಂಡರೆ ಅದು ಮುಂದಿನ ಯಂತ್ರಕ್ಕೂ ಬರುತ್ತದೆ, ಹಾಗಾಗಿ ಅದರ ದುಡ್ಡನ್ನು ಕಾರ್ಡಿನ ಖರ್ಚಿನಲ್ಲಿ ಸೇರಿಸಿ ಗಾಬರಿಯಾಗಬೇಕಿಲ್ಲ.

ಹಾಗೆಯೇ ಯುಪಿಎಸ್. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ತಾಳಬಲ್ಲದ್ದು 360 ವ್ಯಾಟಿನಷ್ಟು. ಹೊಸ ಕಾರ್ಡು ಬಂದ ಮೇಲೆ ಗೇಮಿನ ನಡುವೆ ಕರೆಂಟು ಹೋದಾಗ ಅದು ಕೂಗಿ ಆರಿಹೋಗುವುದಕ್ಕೆ ಬ್ಯಾಟರಿ ಹಳತಾದದ್ದಷ್ಟೇ ಕಾರಣವಾಗಿರಬೇಕಿಲ್ಲ.

ಸ್ಲಾಟಿನ ವೇಗ ಬಹಳ ಜನ ಕೇಳದೆ ಬಿಡುವ ವಿಷಯ. ಕಾರ್ಡು ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಲೆಮಾರಿನಿಂದ ತಲೆಮಾರಿಗೆ ಎರಡು ಪಟ್ಟು ವೇಗವಾಗುತ್ತ ಬಂದಿದೆ. ಹದಿನಾರು ಸಾಲಿನ ಸ್ಲಾಟಿನಲ್ಲಿ ಎರಡನೆಯ ತಲೆಮಾರು ಸೆಕೆಂಡಿಗೆ ಸುಮಾರು 8 ಜಿಬಿ ಸಾಗಿಸಿದರೆ ಮೂರನೆಯದು 16, ನಾಲ್ಕನೆಯದು 32 ಸಾಗಿಸುತ್ತದೆ. ಹಳೆ ಸ್ಲಾಟಿಗೂ ಹೊಸ ಕಾರ್ಡು ಕೂರುತ್ತದೆ, ವೇಗ ಮಾತ್ರ ಹಳೆಯದೇ. ತೊಡಕು ಬರುವುದು ತಯಾರಕರು ಖರ್ಚು ಉಳಿಸಲು ಸಾಲುಗಳನ್ನು ಕಡಿಮೆ ಮಾಡಿದ ಕಾರ್ಡುಗಳಲ್ಲಿ. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060ಗಳಿಗೆ ಎಂಟೇ ಸಾಲು. 2022ರ ಜನವರಿಯಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿಗೆ ಬರೀ ನಾಲ್ಕು. ನಾಲ್ಕನೆಯ ತಲೆಮಾರಿನ ಸ್ಲಾಟಿನಲ್ಲಿ ಅದಕ್ಕೆ ಸೆಕೆಂಡಿಗೆ 8 ಜಿಬಿ ಸಿಗುತ್ತದೆ. ನಮ್ಮ ಉದಾಹರಣೆಯ ಎಚ್81 ಬೋರ್ಡಿನ ಸ್ಲಾಟ್ ಎರಡನೆಯ ತಲೆಮಾರಿನದು. ಅಲ್ಲಿ ಸಿಗುವುದು 2. ಆ ಕಾರ್ಡಿನ ಸ್ವಂತ ಮೆಮೊರಿ 4 ಜಿಬಿ, ಅದು ತುಂಬಿದೊಡನೆ ಉಳಿದದ್ದನ್ನು ಕಂಪ್ಯೂಟರಿನ ರ‍್ಯಾಮಿನಿಂದ ಈ ಕಿರಿದಾದ ದಾರಿಯಲ್ಲೇ ಎಳೆದು ತರಬೇಕು. ಹಳೆ ಯಂತ್ರದವರು ಅಗ್ಗದ ಬೆಲೆ ನೋಡಿ ಕೊಳ್ಳುವ ಕಾರ್ಡು ಹಳೆ ಯಂತ್ರದಲ್ಲೇ ಅತಿ ಕೆಟ್ಟದಾಗಿ ಓಡುವಂತಿರುವುದು ನಿಜಕ್ಕೂ ಅನ್ಯಾಯ. ಸಾಲದ್ದಕ್ಕೆ ಅದರಲ್ಲಿ ವಿಡಿಯೊ ಎನ್‌ಕೋಡರ್ ಕೂಡ ಇಲ್ಲ. ಗೇಮು ರೆಕಾರ್ಡು ಮಾಡುವ ಹೊರೆಯೂ ಮೊದಲೇ ಬಳಲಿದ ಪ್ರೊಸೆಸರಿನ ಮೇಲೆ ಬೀಳುತ್ತದೆ.

ಇಂಟೆಲ್ ಕಂಪನಿಯ ಆರ್ಕ್ ಬಿ580 ಇನ್ನೊಂದು ಬಗೆಯ ಎಚ್ಚರಿಕೆ. 2024ರ ಡಿಸೆಂಬರಿನಲ್ಲಿ 12 ಜಿಬಿ ಮೆಮೊರಿಯೊಂದಿಗೆ 249 ಡಾಲರಿಗೆ ಬಂದ ಈ ಕಾರ್ಡು ಹೊಸ ಯಂತ್ರಕ್ಕೆ ಒಳ್ಳೆಯ ಆಯ್ಕೆ. ಆದರೆ ರೀಸೈಜಬಲ್ ಬಾರ್ ಎಂಬ ಸೌಲಭ್ಯವಿಲ್ಲದ ಮದರ್‌ಬೋರ್ಡಿನಲ್ಲಿ ಅದರ ವೇಗ ಕುಸಿಯುತ್ತದೆ, ನಿಧಾನದ ಪ್ರೊಸೆಸರಿನ ಜೊತೆಯೂ ಸೊರಗುತ್ತದೆ. 2014ರ ಯಂತ್ರಕ್ಕೆ ಅದು ಸಲ್ಲದು.

ಕಚೇರಿಗಳಿಂದ ಹೊರಬಿದ್ದು ರೀಫರ್ಬಿಶ್ಡ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಡೆಲ್, ಎಚ್‌ಪಿ, ಲೆನೊವೊ ಡೆಸ್ಕ್‌ಟಾಪುಗಳ ಕಥೆಯೇ ಬೇರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇವನ್ನು ರಾಶಿ ಹಾಕಿ ಮಾರುತ್ತಾರೆ. ಓದುವ ಮಕ್ಕಳಿಗೆ ಇವು ನಿಜಕ್ಕೂ ಒಳ್ಳೆಯ ಯಂತ್ರಗಳು. ಆದರೆ ಅವುಗಳಲ್ಲಿ ತೆಳ್ಳಗಿನ ಮಾದರಿಗೆ ಸಾಮಾನ್ಯ ಕಾರ್ಡಿನ ಅರ್ಧ ಎತ್ತರದ ಲೋ ಪ್ರೊಫೈಲ್ ಕಾರ್ಡು ಮಾತ್ರ ಕೂರುತ್ತದೆ. ಅನೇಕ ಮಾದರಿಗಳಲ್ಲಿ ಎಸ್‌ಎಂಪಿಎಸ್‌ನ ಆಕಾರವೂ ಮದರ್‌ಬೋರ್ಡಿಗೆ ಹೋಗುವ ವೈರಿನ ಪಿನ್ನುಗಳೂ ಕಂಪನಿಯದೇ ವಿಶೇಷ ಬಗೆಯವು. ಹೊರಗಿನ ದೊಡ್ಡ ಎಸ್‌ಎಂಪಿಎಸ್ ತಂದು ಹಾಕುತ್ತೇನೆಂದರೆ ಆಗುವುದಿಲ್ಲ. ಹಾಗಾಗಿ ಇಲ್ಲಿ ಆಯ್ಕೆ ಲೋ ಪ್ರೊಫೈಲಿನ ಜಿಟಿಎಕ್ಸ್ 1650 ಅಥವಾ 6 ಜಿಬಿಯ 3050ಕ್ಕೆ ಸೀಮಿತ. ಅದಕ್ಕಿಂತ ಮೇಲಿನದನ್ನು ಹಂಬಲಿಸುವವರಿಗೆ ಈ ಪೆಟ್ಟಿಗೆ ಸರಿಯಾದ ಜಾಗವಲ್ಲ.

ಮಾನಿಟರೂ ಈ ಲೆಕ್ಕದಲ್ಲಿ ಸೇರುತ್ತದೆ. 60 ಹರ್ಟ್ಸ್ ಮಾನಿಟರು ಸೆಕೆಂಡಿಗೆ 60 ಚಿತ್ರಗಳಿಗಿಂತ ಹೆಚ್ಚು ತೋರಿಸದು. ಈಗಾಗಲೇ 60 ಬರುತ್ತಿದ್ದರೆ ಹೊಸ ಕಾರ್ಡಿನಿಂದ ಕಣ್ಣಿಗೆ ಸಿಗುವುದು ಬಹಳ ಕಡಿಮೆ. ಹಳೆ ಮಾನಿಟರಿಗೆ ನೀಲಿ ಬಣ್ಣದ ವಿಜಿಎ ಕೇಬಲ್ ಒಂದೇ ದಾರಿಯಾಗಿದ್ದರೆ ಇನ್ನೊಂದು ತೊಡಕು. 1000 ಸರಣಿಯಿಂದ ಈಚೆಗೆ ಎನ್‌ವಿಡಿಯಾ ಕಾರ್ಡುಗಳು ವಿಜಿಎ ಸಿಗ್ನಲ್ ಕೊಡುವುದನ್ನೇ ಬಿಟ್ಟವು. ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ, ಒಳಗೆ ಚಿಪ್ಪಿರುವ ಕನ್ವರ್ಟರ್ ಬೇಕಾಗುತ್ತದೆ. ಕಾರ್ಡು ತಂದ ದಿನ ರಾತ್ರಿ ಅಂಗಡಿಗಳೆಲ್ಲ ಮುಚ್ಚಿದ ಮೇಲೆ ಇದು ಗೊತ್ತಾಗುವ ಬದಲು ಮೊದಲೇ ಮಾನಿಟರಿನ ಬೆನ್ನು ನೋಡಿಕೊಳ್ಳುವುದು ಒಳ್ಳೆಯದು.

ಗೇಮಿನ ಹೊರಗಿನ ಕೆಲಸಗಳಿಗೆ ಕಾರ್ಡು ಬೇಕೇ ಎಂಬುದು ಕೆಲಸವನ್ನೇ ಅವಲಂಬಿಸಿದೆ. ನುಡಿಯಲ್ಲಿ ಟೈಪು ಮಾಡಲು, ಟ್ಯಾಲಿಯಲ್ಲಿ ಲೆಕ್ಕ ಬರೆಯಲು, ಆನ್‌ಲೈನ್ ತರಗತಿ ಕೇಳಲು ಪ್ರತ್ಯೇಕ ಕಾರ್ಡಿನ ಅಗತ್ಯವೇ ಇಲ್ಲ. ನಿಧಾನ ಅನಿಸಿದರೆ ಎಸ್‌ಎಸ್‌ಡಿ ಸಾಕು. ಮದುವೆ ವಿಡಿಯೊ ಎಡಿಟ್ ಮಾಡುವವರಿಗೆ ಕಾರ್ಡು ಅನ್ನ ಕೊಡುವ ಸಲಕರಣೆ. ಡಾವಿಂಚಿ ರಿಸಾಲ್ವ್ ಥರದ ತಂತ್ರಾಂಶ ಬಣ್ಣ ತಿದ್ದುವ ಕೆಲಸವನ್ನೆಲ್ಲ ಕಾರ್ಡಿನಿಂದಲೇ ಮಾಡಿಸುತ್ತದೆ, 4ಕೆ ವಿಡಿಯೊ ಹಾಕಿದಾಗ 4 ಜಿಬಿ ಕಾರ್ಡಿನಲ್ಲಿ ಮೆಮೊರಿ ತುಂಬಿತು ಎಂದು ಕೈ ಚೆಲ್ಲುತ್ತದೆ. ಬ್ಲೆಂಡರಿನಲ್ಲಿ ತ್ರೀಡಿ ಚಿತ್ರ ಮಾಡುವವರಿಗೆ, ಸ್ವಂತ ಯಂತ್ರದಲ್ಲೇ ಎಐ ಮಾದರಿಗಳನ್ನು ಓಡಿಸಿ ನೋಡುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ವೇಗಕ್ಕಿಂತ ಮೆಮೊರಿಯ ಗಾತ್ರವೇ ಮುಖ್ಯ. ರ‍್ಯಾಮಿನಂತೆ ಕಾರ್ಡಿನ ಮೆಮೊರಿಯನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ. 2021ರ 12 ಜಿಬಿ ಆರ್‌ಟಿಎಕ್ಸ್ 3060 ಇಷ್ಟು ವರ್ಷಗಳಾದರೂ ಬೇಡಿಕೆ ಉಳಿಸಿಕೊಂಡಿರುವುದು ಇದರಿಂದಲೇ. ಈಗ ಹೊಸದಾಗಿ ಕೊಳ್ಳುವವರು 8 ಜಿಬಿಗಿಂತ ಕಡಿಮೆಯದಕ್ಕೆ ದುಡ್ಡು ಹಾಕಬಾರದು. 75 ವ್ಯಾಟಿನ ಕಟ್ಟುಪಾಡಿನಲ್ಲಿರುವವರಿಗೆ ಮಾತ್ರ ಈ ಮಾತಿನಿಂದ ವಿನಾಯಿತಿ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಬೆಂಬಲ ಮುಗಿದದ್ದು ಹಳೆ ಯಂತ್ರಗಳ ಲೆಕ್ಕವನ್ನೇ ಬದಲಿಸಿತು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್‌ನ ಎಂಟನೆಯ ತಲೆಮಾರು ಅಥವಾ ಎಎಂಡಿಯ ರೈಜನ್ 2000 ಸರಣಿ, ಅಥವಾ ಅದರ ಈಚಿನ ಪ್ರೊಸೆಸರ್. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ. ಐ5-4590 ನಾಲ್ಕನೆಯ ತಲೆಮಾರಿನದು. ಅದಕ್ಕೆ ಲಿನಕ್ಸ್ ಹಾಕಿಕೊಂಡು ಬಹುಕಾಲ ಬಳಸಬಹುದು, ಆದರೆ ‘ವ್ಯಾಲರಂಟ್’ನಂಥ ಗೇಮು ಅಲ್ಲಿ ನಡೆಯುವುದಿಲ್ಲ. ಅಂದರೆ ಈ ಯಂತ್ರಕ್ಕೆ ಈಗ ಹಾಕುವ ಪ್ರತಿ ರೂಪಾಯಿಗೂ ಉಳಿದಿರುವ ಆಯುಷ್ಯ ಕಡಿಮೆ.

ಇದಕ್ಕೆ ಎದುರಾಗಿ ಹೊಸ ಕಾರ್ಡಿಗೆ ನಿಜವಾಗಿ ಅರ್ಹವಾದ ಹಳೆ ಯಂತ್ರಗಳಿವೆ. 2018ರ ರೈಜನ್ 5 2600 ಮತ್ತು ಬಿ450 ಮದರ್‌ಬೋರ್ಡು ಅಂಥ ಜೋಡಿ. ಆರು ಕೋರ್, ಹನ್ನೆರಡು ಥ್ರೆಡ್, ಮೂರನೆಯ ತಲೆಮಾರಿನ ಸ್ಲಾಟು, ವಿಂಡೋಸ್ 11ರ ಒಪ್ಪಿಗೆ ಎಲ್ಲವೂ ಅಲ್ಲಿವೆ. ಬಯೋಸ್ ಅಪ್‌ಡೇಟು ಮಾಡಿದರೆ ಅದೇ ಬೋರ್ಡಿಗೆ 2022ರ ರೈಜನ್ 5 5600 ಕೂರುತ್ತದೆ. ಇವತ್ತು 132 ವ್ಯಾಟಿನ ಆರ್‌ಎಕ್ಸ್ 6600 ಹಾಕಿ, ವರ್ಷ ಕಳೆದು ಕೈಯಲ್ಲಿ ದುಡ್ಡಾದಾಗ ಪ್ರೊಸೆಸರ್ ಬದಲಿಸಿದರೆ ಇನ್ನೂ ಐದು ವರ್ಷ ಈ ಪೆಟ್ಟಿಗೆ ಗೌರವದಿಂದ ಬಾಳುತ್ತದೆ. ಇಂಟೆಲ್ ಐ5-8400ಕ್ಕೂ ಆರು ಕೋರ್‌ಗಳಿವೆ, ಮಧ್ಯಮ ದರ್ಜೆಯ ಕಾರ್ಡಿಗೆ ಅದು ಸರಿಸಾಟಿ. ನಾಲ್ಕು ಥ್ರೆಡ್ಡಿನ ಯಂತ್ರದವರಿಗೆ ಎರಡೇ ದಾರಿ: ಸೆಕೆಂಡ್ ಹ್ಯಾಂಡಿನಲ್ಲಿ ಅತಿ ಅಗ್ಗದ ಕಾರ್ಡೊಂದನ್ನು ತಂದು ಹಳೆ ಗೇಮುಗಳಲ್ಲಿ ತೃಪ್ತಿ ಪಡುವುದು, ಇಲ್ಲವೇ ಮುಂದಿನ ಯಂತ್ರಕ್ಕೂ ಹೊತ್ತೊಯ್ಯುವ ಖಚಿತ ಯೋಚನೆ ಇಟ್ಟುಕೊಂಡು ಒಳ್ಳೆಯ ಕಾರ್ಡು ಮತ್ತು ಎಸ್‌ಎಂಪಿಎಸ್ ಈಗಲೇ ಕೊಳ್ಳುವುದು. ನಡುವಿನ ದಾರಿಯಲ್ಲಿ ದುಡ್ಡು ಪೋಲು. ಪ್ರತ್ಯೇಕ ಕಾರ್ಡೇ ಇಲ್ಲದೆ, ಒಳಗೇ ಗ್ರಾಫಿಕ್ಸ್ ಇರುವ ರೈಜನ್ 5 8600ಜಿ ಪ್ರೊಸೆಸರಿನ ಹೊಸ ಯಂತ್ರ ಕಟ್ಟಿದರೆ ಹೆಚ್ಚೂಕಡಿಮೆ 1050 ಟಿಐ ಹತ್ತಿರದ ಬಲ ಸಿಗುತ್ತದೆ, ಕಾರ್ಡನ್ನು ಆಮೇಲೆ ಸೇರಿಸಬಹುದು. ಆದರೆ 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದಾಗಿ ರ‍್ಯಾಮಿನ ಬೆಲೆ ವಿಪರೀತ ಏರಿರುವುದರಿಂದ ಹೊಸ ಯಂತ್ರದ ಲೆಕ್ಕ ಹಾಕುವಾಗ ಹಳೆ ಅಂದಾಜು ಇಟ್ಟುಕೊಳ್ಳುವಂತಿಲ್ಲ.

ಕಾರ್ಡಿನ ಬೆಲೆಯ ವಿಷಯದಲ್ಲೂ ಹಾಗೆಯೇ. ಈ ಚಿಪ್ಪುಗಳ ವಿನ್ಯಾಸದ ಕೆಲಸ ಬೆಂಗಳೂರಿನಲ್ಲೂ ನಡೆಯುತ್ತದೆ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ಇಲ್ಲೇ ತೆರೆಯಿತು. ಕಾರ್ಡು ಮಾತ್ರ ಬಹುತೇಕ ಹೊರಗಿನಿಂದಲೇ ಬರಬೇಕು. ಅಮೆರಿಕದಲ್ಲಿ ಪ್ರಕಟವಾಗುವ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ಇಲ್ಲಿ ಡಾಲರನ್ನು ರೂಪಾಯಿಗೆ ತಂದು, ಮೇಲೆ ಶೇ. 18 ಜಿಎಸ್‌ಟಿಯನ್ನೂ ಮಾರುವವರ ಲಾಭವನ್ನೂ ಸೇರಿಸಿಕೊಳ್ಳಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವುದು ತಪ್ಪಲ್ಲ, ಪರೀಕ್ಷಿಸದೆ ಕೊಳ್ಳುವುದು ತಪ್ಪು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಎಂಬ ಡಿಜಿಟಲ್ ನಾಣ್ಯದ ವ್ಯವಸ್ಥೆ ಬದಲಾಗಿ ಕಾರ್ಡಿನಲ್ಲಿ ಅದನ್ನು ಗಣಿ ತೆಗೆಯುವ ಕೆಲಸ ನಿಂತಾಗ, ಹಗಲಿರುಳು ದುಡಿದ ಕಾರ್ಡುಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದವು. ಗಣಿಯಲ್ಲಿ ದುಡಿದ ಮಾತ್ರಕ್ಕೆ ಚಿಪ್ಪು ಕೆಟ್ಟಿರಬೇಕಿಲ್ಲ. ಸವೆಯುವುದು ಹೆಚ್ಚಾಗಿ ಫ್ಯಾನು, ಒಣಗುವುದು ಮೆಮೊರಿ ಚಿಪ್ಪುಗಳ ಮೇಲಿನ ಥರ್ಮಲ್ ಪ್ಯಾಡು. ಹೆಸರಿನಲ್ಲೂ ಮೋಸವಿದೆ. ಆರ್‌ಎಕ್ಸ್ 580 ಎಂದು ಮಾರುವ ಕೆಲವು ಕಾರ್ಡುಗಳಲ್ಲಿ 2304 ಬದಲು 2048 ಶೇಡರ್‌ಗಳಷ್ಟೇ ಇರುತ್ತವೆ. ಹಳೆ ಚಿಪ್ಪಿನ ಬಯೋಸ್ ಬದಲಿಸಿ ಅದಕ್ಕೆ 1050 ಟಿಐ ಎಂದು ಹೆಸರಿಟ್ಟು ಮಾರಿದ್ದೂ ಉಂಟು. ಜಿಪಿಯು-ಜೆಡ್ ಎಂಬ ಪುಟ್ಟ ಉಚಿತ ತಂತ್ರಾಂಶ ಚಿಪ್ಪಿನ ನಿಜವಾದ ಗುರುತು ತೋರಿಸುತ್ತದೆ. ಅಂಗಡಿಯಲ್ಲೇ ಕೂರಿಸಿ ಫರ್‌ಮಾರ್ಕ್ ಥರದ ಪರೀಕ್ಷೆಯನ್ನು ಹದಿನೈದು ನಿಮಿಷ ಓಡಿಸಿ, ಪರದೆಯ ಮೇಲೆ ಚುಕ್ಕೆ-ಗೆರೆ ಮೂಡುತ್ತದೆಯೇ, ಬಿಸಿ ಎಷ್ಟಕ್ಕೆ ನಿಲ್ಲುತ್ತದೆ, ಫ್ಯಾನು ಕರಕರ ಅನ್ನುತ್ತದೆಯೇ ಎಂದು ನೋಡಬೇಕು. ಓಡಿಸಿ ತೋರಿಸಲು ಒಪ್ಪದ ಅಂಗಡಿಯಿಂದ ಬರಿಗೈಯಲ್ಲಿ ವಾಪಸು ಬರುವುದೇ ಲಾಭ. ಬಿಲ್ಲಿನಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಬರೆಸಿಕೊಳ್ಳಬೇಕು.

ಹೊಸ ಕಾರ್ಡು ಕೂರಿಸುವ ಮೊದಲು ಪೆಟ್ಟಿಗೆಯೊಳಗಿನ ಉದ್ದ ಅಳೆಯಬೇಕು. ಮೂರು ಫ್ಯಾನಿನ ಕಾರ್ಡು 30 ಸೆಂಟಿಮೀಟರ್ ದಾಟುವುದುಂಟು, ಹಳೆ ಕ್ಯಾಬಿನೆಟ್ಟಿನಲ್ಲಿ ಹಾರ್ಡ್ ಡಿಸ್ಕಿನ ಗೂಡು ಅಡ್ಡ ಬರುತ್ತದೆ. ಹಳೆ ಕಾರ್ಡಿನ ಡ್ರೈವರ್ ತೆಗೆದು, ವಿದ್ಯುತ್ ಪ್ಲಗ್ ಕಿತ್ತು, ಸ್ಲಾಟಿನ ತುದಿಯ ಸಣ್ಣ ಚಿಲಕ ಒತ್ತಿ ಹಳೆಯದನ್ನು ಹೊರತೆಗೆಯಬೇಕು. ಹೊಸದು ಟಕ್ ಎಂದು ಕೂತ ಮೇಲೆ ವೈರು ಸಿಕ್ಕಿಸಿ, ಮಾನಿಟರಿನ ಕೇಬಲನ್ನು ಕಾರ್ಡಿಗೇ ಹಾಕಬೇಕು. ಅಭ್ಯಾಸಬಲದಿಂದ ಮದರ್‌ಬೋರ್ಡಿನ ಪೋರ್ಟಿಗೇ ಹಾಕಿ, ಕಾರ್ಡು ಏನೂ ಕೆಲಸ ಮಾಡುತ್ತಿಲ್ಲ ಎಂದು ಗಾಬರಿಪಡುವವರು ಕಡಿಮೆಯಿಲ್ಲ. ಡ್ರೈವರ್ ಹಾಕಿದ ಮೇಲೆ, ಮೊದಲು ಪರೀಕ್ಷಿಸಿದ ಅದೇ ಗೇಮಿನ ಅದೇ ಜಾಗದಲ್ಲಿ ನಿಂತು ಫ್ರೇಮು ನೋಡಿ, ಬರೆದಿಟ್ಟ ಹಳೆ ಅಂಕಿಯ ಪಕ್ಕದಲ್ಲಿ ಬರೆಯಬೇಕು. 720ರಲ್ಲಿ ಕಂಡ ಅಂಕಿಯ ಹತ್ತಿರ ಬಂದಿದ್ದರೆ ಕಾರ್ಡು ತನ್ನ ಕೆಲಸ ಮಾಡುತ್ತಿದೆ. ಬಂದಿರದಿದ್ದರೆ ಬದಲಾಯಿಸಿಕೊಡುವ ಅವಧಿ ಮುಗಿಯುವುದರೊಳಗೆ ಬೇರೊಂದು ಯಂತ್ರದಲ್ಲಿ ಹಾಕಿ ನೋಡಬೇಕು. ಹಳೆ ಕಾರ್ಡನ್ನು ಅದೇ ದಿನ ಮಾರದೆ ಒಂದೆರಡು ತಿಂಗಳು ಕಪಾಟಿನಲ್ಲಿಡುವುದು ಒಳ್ಳೆಯದು. ಹೊಸದು ವಾರಂಟಿಗೆ ಹೋದರೆ, ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲದ ಯಂತ್ರಕ್ಕೆ ಪರದೆ ಕಾಣಿಸುವುದು ಅದರಿಂದಲೇ.